ಸುಟ್ಟ ಪೆಟ್ರೋಲು ಎಲ್ಲಿಗೆ ಹೋಯಿತು?

ಕಳೆದ ಮಾಗಿಯ ಒಂದು ಮುಂಜಾನೆ ಮೊಳಕಾಲ್ಮೂರಿನ ನಮ್ಮ ಮನೆಯ ಮುಂದೆ ಮಗನು ಕಾರನ್ನು ಚಾಲೂ ಮಾಡಿ ನಿಲ್ಲಿಸಿದ್ದನು. ಒಂಬತ್ತು ವರ್ಷದ ಮೊಮ್ಮಗಳು ಅದರ ಹಿಂಬದಿಯ ಹೊಗೆಕೊಳವೆಯನ್ನು ಬಗ್ಗಿ ನೋಡಿ, “ತಾತ, ಇದರಿಂದ ನೀರು ತೊಟ್ಟಿಕ್ಕುತ್ತಿದೆ! ಅಪ್ಪ ಹಾಕಿಸಿದ್ದು ಪೆಟ್ರೋಲಲ್ಲವೇ?” ಎಂದು ಕೇಳಿದಳು. ಆಯುಷ್ಯವನ್ನೆಲ್ಲ ಪಾಠ ಹೇಳುವುದರಲ್ಲಿ ಕಳೆದವನಿಗೂ ಆ ಕ್ಷಣದಲ್ಲಿ ಉತ್ತರ ತೋಚಲಿಲ್ಲ. ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದ ಲೆಕ್ಕವನ್ನೇ ಈ ತಿಂಗಳು ತಮ್ಮ ಮುಂದಿಡುತ್ತೇನೆ.

ಪೆಟ್ರೋಲೆಂಬುದು ಒಂದೇ ದ್ರವ್ಯವಲ್ಲ. ಇಂಗಾಲ ಮತ್ತು ಜಲಜನಕಗಳು ಕೂಡಿ ಆದ ಅನೇಕ ದ್ರವಗಳ ಮಿಶ್ರಣ. ಲೆಕ್ಕದ ಸೌಕರ್ಯಕ್ಕಾಗಿ ಅವುಗಳಲ್ಲಿ ಆಕ್ಟೇನ್ ಎಂಬುದೊಂದನ್ನು ಪ್ರತಿನಿಧಿಯಾಗಿ ಇಟ್ಟುಕೊಳ್ಳೋಣ. ಇದರ ಒಂದು ಅಣುವಿನಲ್ಲಿ ಇಂಗಾಲದ 8 ಪರಮಾಣುಗಳೂ ಜಲಜನಕದ 18 ಪರಮಾಣುಗಳೂ ಇವೆ. ಜಲಜನಕದ ಪರಮಾಣುವಿನ ತೂಕವನ್ನು 1 ಎಂದಿಟ್ಟರೆ ಇಂಗಾಲದ್ದು 12, ಆಮ್ಲಜನಕದ್ದು 16. ಆದುದರಿಂದ ಆಕ್ಟೇನಿನ ಅಣುವಿನ ತೂಕ 96 ಮತ್ತು 18 ಕೂಡಿ 114.

ಉರಿಯುವುದೆಂದರೆ ಗಾಳಿಯ ಆಮ್ಲಜನಕದೊಡನೆ ಕೂಡುವುದು. ಇಂಗಾಲದ ಪ್ರತಿಯೊಂದು ಪರಮಾಣುವೂ ಆಮ್ಲಜನಕದ ಎರಡನ್ನು ಹಿಡಿದು ಅಂಗಾರಾಮ್ಲ ವಾಯುವಾಗುತ್ತದೆ. ಇದನ್ನೇ ಈಗಿನ ಪಠ್ಯಗಳು ಇಂಗಾಲದ ಡೈಆಕ್ಸೈಡ್ ಎನ್ನುತ್ತವೆ. ಜಲಜನಕದ ಎರಡೆರಡು ಪರಮಾಣುಗಳು ಆಮ್ಲಜನಕದ ಒಂದನ್ನು ಹಿಡಿದು ನೀರಾಗುತ್ತವೆ. ಹೀಗೆ 114 ಭಾಗ ಪೆಟ್ರೋಲು 400 ಭಾಗ ಆಮ್ಲಜನಕವನ್ನು ಸೆಳೆದುಕೊಂಡು, 352 ಭಾಗ ಅಂಗಾರಾಮ್ಲವನ್ನೂ 162 ಭಾಗ ನೀರನ್ನೂ ಕೊಡುತ್ತದೆ. ಎರಡು ಕಡೆಯನ್ನೂ ಕೂಡಿ ನೋಡಿರಿ, 514ಕ್ಕೆ 514. ಒಂದು ಕಾಳಷ್ಟೂ ನಷ್ಟವಾಗಲಿಲ್ಲ. ಫ್ರಾನ್ಸಿನ ಲವಾಸಿಯೇ ಎಂಬ ಪಂಡಿತನು 1789ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ ತತ್ತ್ವವಿದು. ಕಾರ್ಯವು ಕಾರಣದಲ್ಲಿ ಮೊದಲೇ ಇರುತ್ತದೆ, ಇಲ್ಲದ್ದು ಹುಟ್ಟದು ಎಂದ ನಮ್ಮ ಸಾಂಖ್ಯರಿಗೆ ಇದು ಅಪರಿಚಿತವಾಗಿ ತೋರಲಾರದು. ಆದರೆ ತಕ್ಕಡಿಯಲ್ಲಿಟ್ಟು ತೋರಿಸಿದ ಹಿರಿಮೆ ಅವನದು.

ಇನ್ನು ವರ್ಷದ ಲೆಕ್ಕ. ಕಾರಿನ ಮೀಟರು ಯುಗಾದಿಯಿಂದ ಯುಗಾದಿಗೆ 9,000 ಕಿಲೋಮೀಟರು ಮುಂದೆ ಸರಿದಿತ್ತು. ಲೀಟರಿಗೆ 15 ಕಿಲೋಮೀಟರಿನಂತೆ 600 ಲೀಟರು ಆಯಿತು. ಲೀಟರು ಪೆಟ್ರೋಲಿನ ತೂಕ ಸುಮಾರು 740 ಗ್ರಾಮು. ಒಟ್ಟು 444 ಕಿಲೋಗ್ರಾಮು. ಮುಂದಿನದು ಭಾಸ್ಕರಾಚಾರ್ಯರ ಲೀಲಾವತಿಯಲ್ಲಿಯೂ ಬರುವ ತ್ರೈರಾಶಿಕ. ಪ್ರಮಾಣ 114, ಫಲ 352, ಇಚ್ಛೆ 444. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ 1,371 ಕಿಲೋಗ್ರಾಮು ಅಂಗಾರಾಮ್ಲ! ಇದೇ ಕ್ರಮದಲ್ಲಿ ನೀರು 631 ಕಿಲೋಗ್ರಾಮು. ಸುಟ್ಟ ವಸ್ತು ಕರಗಿ ಹೋಗುವುದೆಂದು ತಿಳಿದಿದ್ದೆವು. ಅದು ಗಾಳಿಯನ್ನು ಕೂಡಿಕೊಂಡು ಮೂಲದ ನಾಲ್ಕೂವರೆ ಪಟ್ಟು ತೂಗುತ್ತಿದೆ. ಮಳೆಗಾಗಿ ಮುಗಿಲು ನೋಡುವ ನಮ್ಮ ಸೀಮೆಯಲ್ಲಿ, ಲೀಟರು ಪೆಟ್ರೋಲು ಲೀಟರಿಗಿಂತ ತುಸು ಹೆಚ್ಚೇ ನೀರನ್ನು ಕೊಡುತ್ತದೆಂದರೆ ಮೊಮ್ಮಗಳಿಗೆ ನಗು. ಅದು ಆವಿಯಾಗಿ ಹೋಗುತ್ತದೆ. ಕೊಳವೆ ತಣ್ಣಗಿರುವಾಗ ಮಾತ್ರ ಹನಿಯಾಗಿ ಕಾಣುತ್ತದೆ.

ಇಲ್ಲಿ ಒಂದು ತಿದ್ದುಪಡಿ ಅವಶ್ಯ. ಈಚೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲನ್ನು ಬೆರೆಸುತ್ತಾರೆ. 2025ರಲ್ಲಿ ಈ ಮಿಶ್ರಣವು ಶೇಕಡ 20ನ್ನು ಮುಟ್ಟಿತು. ಅಂಥ 600 ಲೀಟರಿನಿಂದ ಹೊರಡುವ ಅಂಗಾರಾಮ್ಲ ಸುಮಾರು 1,280 ಕಿಲೋಗ್ರಾಮು. ಎಥನಾಲಿನ ಇಂಗಾಲವನ್ನು ಕಬ್ಬು, ಧಾನ್ಯಗಳು ಈಚೆಗಷ್ಟೇ ಗಾಳಿಯಿಂದ ಪಡೆದಿರುತ್ತವೆಂಬುದು ಅದರ ಗುಣ. ಚಳ್ಳಕೆರೆ ಸೀಮೆಯ ಕಾವಲುಗಳಲ್ಲಿ ಮೇದ ಅಮೃತಮಹಲ್ ಎತ್ತುಗಳು ಉಸಿರಿನಲ್ಲಿ ಬಿಡುವುದೂ ಇದೇ ವಾಯುವನ್ನೇ. ಆದರೆ ಅದು ಹುಲ್ಲಿನಿಂದ ಬಂದು ಹುಲ್ಲಿಗೇ ಮರಳುತ್ತದೆ. ಕೋಟ್ಯಂತರ ವರ್ಷ ನೆಲದಡಿ ಹುದುಗಿದ್ದುದನ್ನು ಮೇಲೆ ತಂದು ಸುಡುವ ಪೆಟ್ರೋಲಿಗೆ ಆ ಮಾತು ಸಲ್ಲದು. ಎಥನಾಲಿನಲ್ಲಿ ಶಾಖ ಕಡಿಮೆ. ಆದುದರಿಂದ ಅದೇ ದಾರಿಗೆ ತುಸು ಹೆಚ್ಚು ಲೀಟರು ಬೇಕಾಗುತ್ತದೆಂಬುದನ್ನೂ ಮರೆಯತಕ್ಕದ್ದಲ್ಲ.

ಮತ್ತೊಂದು ಎಚ್ಚರಿಕೆ. ಗಾಳಿ ಸಾಲದೆ ಉರಿದರೆ ಇಂಗಾಲವು ಆಮ್ಲಜನಕದ ಒಂದೇ ಪರಮಾಣುವನ್ನು ಹಿಡಿದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನನ್ನು ಎಂದಿಗೂ ಓಡಿಸಿಡಬಾರದು.

ಲೆಕ್ಕ ಮುಗಿಯಿತೆಂದು ಎದ್ದೆನು. ಮೊಮ್ಮಗಳು ಬಿಡಲಿಲ್ಲ. “ತಾತ, ಇದರಲ್ಲಿ ನಿಮ್ಮದೆಷ್ಟು?” ಎಂದಳು. ಬೆಳಗ್ಗೆ ಪತ್ರಿಕೆಗೆ, ಸಂಜೆ ದೇವಸ್ಥಾನಕ್ಕೆ ಹೋಗಿ ಬರಲು ದಿನಕ್ಕೆ 4 ಕಿಲೋಮೀಟರು. ವರ್ಷದಲ್ಲಿ 300 ದಿನಕ್ಕೆ 1,200 ಕಿಲೋಮೀಟರು. ಪೆಟ್ರೋಲು 80 ಲೀಟರು. ಅಂಗಾರಾಮ್ಲ ಸುಮಾರು 180 ಕಿಲೋಗ್ರಾಮು. ತಣ್ಣಗಿನ ಎಂಜಿನು ಹೆಚ್ಚು ಕುಡಿಯುವುದರಿಂದ ನಿಜವಾದ ಅಂಕೆ ಇನ್ನೂ ದೊಡ್ಡದೇ. ಮಂಡಿನೋವಿನ ನೆಪ ಹೇಳಿ ಕಾರು ಹತ್ತುತ್ತಿದ್ದವನು ನಾನು. ಖರ್ಚು ಹೆಚ್ಚಾಯಿತೆಂದು ತಿಂಗಳ ಕೊನೆಯಲ್ಲಿ ಮಗನನ್ನು ಆಕ್ಷೇಪಿಸುತ್ತಿದ್ದವನೂ ನಾನೇ!

ವೈದ್ಯರನ್ನು ಕೇಳಿದೆನು, ನಿಧಾನವಾಗಿ ನಡೆಯಬಹುದೆಂದರು. ಈಗ ಸಂಜೆಯ ದೇವಸ್ಥಾನಕ್ಕೆ ಮೊಮ್ಮಗಳ ಕೈ ಹಿಡಿದು ನಡೆಯುತ್ತೇನೆ. ಪತ್ರಿಕೆಯನ್ನು ಮಗನು ಮನೆಗೇ ತರಿಸುತ್ತಾನೆ. ವಾಚಕರೂ ಪೆಟ್ರೋಲು ಹಾಕಿಸಿದ ದಿನದ ಲೀಟರನ್ನೂ ಮೀಟರಿನ ಅಂಕೆಯನ್ನೂ ಮನೆಯ ಜಮಾಖರ್ಚಿನ ಪುಸ್ತಕದಲ್ಲಿ ಬರೆದಿಡಲಿ. ವರ್ಷದ ಕೊನೆಗೆ ತ್ರೈರಾಶಿಕವನ್ನು ಮಕ್ಕಳಿಂದಲೇ ಮಾಡಿಸಲಿ. ಅವರು ಕೇಳುವ ಪ್ರಶ್ನೆಗೆ ಉತ್ತರವನ್ನು ಮಾತ್ರ ತಾವೇ ಸಿದ್ಧಪಡಿಸಿಕೊಂಡಿರಬೇಕು.