ಆರು ಸಿಲಿಂಡರಿನ ಹಳೆಯ ಗಾಡಿಯೂ ತಿದ್ದುವವನ ಧರ್ಮವೂ

ಹಳೆಯ ವಸ್ತುವನ್ನು ಕಂಡಾಗ ಮನುಷ್ಯನ ಕೈ ಸುಮ್ಮನಿರುವುದಿಲ್ಲ. ಅಜ್ಜಿಯ ಸೀರೆ ಮೊಮ್ಮಗಳ ಲಂಗವಾಗುತ್ತದೆ. ಮುರಿದ ತೊಟ್ಟಿಲಿನ ಮರ ಗೋಡೆಯ ಹಲಗೆಯಾಗುತ್ತದೆ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಶಾಸನವಿದ್ದ ಕಲ್ಲು ಬಟ್ಟೆ ಒಗೆಯುವ ಕಲ್ಲಾದುದನ್ನು ಕಂಡರೆ ಇತಿಹಾಸವನ್ನು ಓದಿದವನ ಮನಸ್ಸು ಮರುಗುತ್ತದೆ. ಸೀರೆಗೂ ಶಾಸನಕ್ಕೂ ನಡುವೆ ಇರುವ ಗೆರೆ ಯಾವುದು? ಯಾವುದನ್ನು ತಿದ್ದಬಹುದು, ಎಷ್ಟು ತಿದ್ದಬಹುದು? ಈ ಪ್ರಶ್ನೆಯನ್ನು ನಾನು ದೇವಾಲಯವನ್ನಾಗಲಿ ತಾಳೆಗರಿಯನ್ನಾಗಲಿ ಮುಂದಿಟ್ಟುಕೊಂಡು ಕೇಳುತ್ತಿಲ್ಲ. ಒಂದು ಮೋಟಾರ್ ಸೈಕಲ್ಲನ್ನು ಮುಂದಿಟ್ಟುಕೊಂಡು ಕೇಳುತ್ತಿದ್ದೇನೆ. ಬಿ.ಎ. ತರಗತಿಯವನಿಗೆ ಯಂತ್ರದ ಗೊಡವೆ ಏಕೆಂದು ವಾಚಕರು ನಗಬಾರದು. ಯಂತ್ರವೂ ಮನುಷ್ಯನು ಬರೆದಿಟ್ಟ ಒಂದು ದಾಖಲೆಯೇ.

ಮೊದಲು ಆ ಗಾಡಿಯ ಪರಿಚಯ. ನಮ್ಮ ಬೀದಿಗಳಲ್ಲಿ ಓಡಾಡುವ ಮೋಟಾರ್ ಸೈಕಲ್ಲುಗಳಲ್ಲಿ ಬಹುಪಾಲು ಒಂದೇ ಸಿಲಿಂಡರಿನವು. ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಎಗರುವಾಗ ಆ ಜಗ್ಗಾಟ ಸವಾರನ ಕೈಗೂ ಕಾಲಿಗೂ ತಿಳಿಯುತ್ತದೆ. ಆರು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ಇಟ್ಟರೆ ಪಿಸ್ಟನ್ನುಗಳು ಎರಡೆರಡಾಗಿ ಮೂರು ಜೋಡಿಯಂತೆ ಚಲಿಸುತ್ತವೆ. ಜೋಡಿಗೂ ಜೋಡಿಗೂ 120 ಡಿಗ್ರಿಯ ಅಂತರ. ಒಂದು ಜೋಡಿಯ ಎಳೆತವನ್ನು ಉಳಿದೆರಡು ಜೋಡಿಗಳು ಸರಿದೂಗಿಸುವುದರಿಂದ ಎಂಜಿನ್ನಿನ ನಡುಕ ಬಹುಮಟ್ಟಿಗೆ ಅಡಗುತ್ತದೆ. ಕ್ರ್ಯಾಂಕ್ ಷಾಫ್ಟು ಒಂದು ಸುತ್ತು ಬರುವಷ್ಟರಲ್ಲಿ ಮೂರು ಸಲ ಬೆಂಕಿ ಹತ್ತುತ್ತದೆ. ಆದುದರಿಂದಲೇ ಅದರ ಸದ್ದು ಬಿಟ್ಟು ಬಿಟ್ಟು ಬಡಿಯುವ ಡಬಡಬ ಶಬ್ದವಲ್ಲ. ಎಳೆದು ಹಿಡಿದ ಶ್ರುತಿಯಂತೆ ಒಂದೇ ಸಮ. ಆದರೆ ಈ ಸುಖಕ್ಕೆ ಬೆಲೆಯುಂಟು. ಅಗಲ ಹೆಚ್ಚು, ತೂಕ ಹೆಚ್ಚು, ಕಾವು ಹೆಚ್ಚು. ಬಿಚ್ಚಿ ಕಟ್ಟುವವನಿಗೆ ಕೆಲಸ ಆರು ಪಟ್ಟು.

ಇಂಥ ಎಂಜಿನ್ನು ಮೊದಲು ಹೆಸರು ಮಾಡಿದುದು ಪಂದ್ಯದ ಕಣದಲ್ಲಿ. ಜಪಾನಿನ ಹೊಂಡಾ ಸಂಸ್ಥೆ 1964ರಲ್ಲಿ 250 ಸಿ.ಸಿ.ಯ ಆರು ಸಿಲಿಂಡರಿನ ಪಂದ್ಯದ ಗಾಡಿಯನ್ನು ಇಟಲಿಯ ಮೋನ್ಜಾದಲ್ಲಿ ಇಳಿಸಿತು. ಒಂದೊಂದು ಸಿಲಿಂಡರಿನ ಗಾತ್ರ ಸುಮಾರು 41 ಸಿ.ಸಿ. ಮಾತ್ರ! ಅದೇ ವಂಶದ ಗಾಡಿಯನ್ನೇರಿ ಮೈಕ್ ಹೇಲ್‌ವುಡ್ 1966 ಮತ್ತು 1967ರಲ್ಲಿ ವಿಶ್ವವಿಜೇತನಾದನು. ರಸ್ತೆಗೆ ಇಳಿದ ಆರು ಸಿಲಿಂಡರಿನ ಗಾಡಿಗಳಲ್ಲಿ ಮೊದಲಿನದು ಇಟಲಿಯ ಬೆನೆಲ್ಲಿ ಕಂಪನಿಯ 750 ಸೇಯಿ; ಅದರ ಹಿಂದೆ ಆರು ಸೈಲೆನ್ಸರುಗಳು ಸಾಲಾಗಿ ಚಾಚಿಕೊಂಡಿದ್ದವು. ಅದು ಎಪ್ಪತ್ತರ ದಶಕದ ಮಾತು. ಆ ದಶಕದ ಕೊನೆಯಲ್ಲಿ ಹೊಂಡಾದ ಸಿ.ಬಿ.ಎಕ್ಸ್. ಬಂದಿತು, ಅದರ ಬೆನ್ನಿಗೇ ನೀರಿನಿಂದ ತಂಪಾಗುವ, ಇನ್ನೂ ಭಾರವಾದ ಕವಾಸಾಕಿ ಜಡ್ 1300 ಬಂದಿತು. ಇವುಗಳಲ್ಲಿ ಇಂದು ತಿದ್ದುವವರ ಕೈಗೆ ಸಿಕ್ಕಿ ಬಹಳ ಚರ್ಚೆಗೊಳಗಾಗಿರುವುದು ಸಿ.ಬಿ.ಎಕ್ಸ್. ಆದುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಸಿ.ಬಿ.ಎಕ್ಸ್. ತಯಾರಾದುದು 1978ರಿಂದ 1982ರವರೆಗೆ ಮಾತ್ರ. 1047 ಸಿ.ಸಿ., 24 ವಾಲ್ವುಗಳು, ಆರು ಕಾರ್ಬ್ಯುರೇಟರುಗಳು, 105 ಅಶ್ವಶಕ್ತಿ. ಪಂದ್ಯದ ಆರು ಸಿಲಿಂಡರಿನ ಗಾಡಿಗಳಲ್ಲಿ ದುಡಿದಿದ್ದ ಶೋಯಿಚಿರೊ ಇರಿಮಾಜಿರಿ ಎಂಬ ಎಂಜಿನಿಯರೇ ಇದರ ರಚನೆಗೂ ಮುಂದಾಳಾಗಿದ್ದರು. ಅವರ ಎದುರಿಗಿದ್ದ ದೊಡ್ಡ ತೊಡಕು ಅಗಲದ್ದು. ಆರು ಸಿಲಿಂಡರು ಸಾಲಾಗಿ ನಿಂತರೆ ಸವಾರನ ಮೊಣಕಾಲಿಗೆ ಜಾಗವೆಲ್ಲಿ? ತಿರುವಿನಲ್ಲಿ ಗಾಡಿ ವಾಲಿದರೆ ಎಂಜಿನ್ನು ನೆಲಕ್ಕೆ ತಗಲದೆ? ಇದಕ್ಕೆ ಅವರು ಕಂಡುಕೊಂಡ ಉಪಾಯ ಸೊಗಸಾದುದು. ವಿದ್ಯುತ್ತು ಹುಟ್ಟಿಸುವ ಆಲ್ಟರ್ನೇಟರನ್ನು ಕ್ರ್ಯಾಂಕ್ ಷಾಫ್ಟಿನ ತುದಿಗೆ ಕಟ್ಟದೆ ಸಿಲಿಂಡರುಗಳ ಹಿಂದಕ್ಕೆ ಸರಿಸಿದರು. ಇದರಿಂದ ಎಂಜಿನ್ನು ಕೆಳಭಾಗದಲ್ಲಿ ಕಿರಿದಾಯಿತು. ಸಿಲಿಂಡರುಗಳನ್ನು 33 ಡಿಗ್ರಿ ಮುಂದಕ್ಕೆ ಬಾಗಿಸಿದುದರಿಂದ ಹಿಂದೆ ಕಾರ್ಬ್ಯುರೇಟರುಗಳಿಗೂ ಸವಾರನ ಕಾಲಿಗೂ ಎಡೆ ದೊರೆಯಿತು. ಎಂಜಿನ್ನಿನ ಮುಂದೆ ಫ್ರೇಮಿನ ಕೊಳವೆಗಳೇ ಇಲ್ಲ. ಎಂಜಿನ್ನು ತಾನೇ ಫ್ರೇಮಿನ ಒಂದು ಅಂಗವಾಗಿ ಭಾರ ಹೊರುತ್ತದೆ. ಒಂದು ಬೋಲ್ಟಿನ ಹಿಂದೆಯೂ ಒಂದು ಯೋಚನೆಯುಂಟೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಈಗ ತಿದ್ದುವವರ ಕಡೆಗೆ ಬರೋಣ. ಅಮೆರಿಕ, ಯೂರೋಪು, ಜಪಾನುಗಳಲ್ಲಿ ಈ ಹಳೆಯ ಗಾಡಿಗಳನ್ನು ಕೊಂಡು ಹೊಸ ರೂಪ ಕೊಡುವವರಿದ್ದಾರೆ. ಕೆಲವರು ಸಣಕಲಾದ ಮುಂಗಾಲಿನ ಫೋರ್ಕನ್ನು ತೆಗೆದು ಈ ಕಾಲದ ದಪ್ಪನೆಯದನ್ನು ಹಾಕುತ್ತಾರೆ. ಗಟ್ಟಿಯಾದ ಬ್ರೇಕು, ನೆಲವನ್ನು ಹಿಡಿಯುವ ಅಗಲ ಟೈರು ಹಾಕುತ್ತಾರೆ. ಮತ್ತೆ ಕೆಲವರು ಫ್ರೇಮಿನ ಹಿಂಭಾಗವನ್ನೇ ಗರಗಸದಿಂದ ಕೊಯ್ದು, ಗಿಡ್ಡ ಸೀಟು ಕೂರಿಸಿ, ಗಾಳಿಯ ಪೆಟ್ಟಿಗೆಯನ್ನು ಕಿತ್ತೆಸೆದು, ಒಂದೊಂದು ಕಾರ್ಬ್ಯುರೇಟರಿಗೂ ಬಿಡಿಯಾದ ಸಣ್ಣ ಫಿಲ್ಟರು ಸಿಕ್ಕಿಸುತ್ತಾರೆ. ನೋಡಲು ಅಂದವೇನೋ ಸರಿ. ಆದರೆ ಆ ಪೆಟ್ಟಿಗೆ ಬರಿಯ ಡಬ್ಬಿಯಲ್ಲ. ಅದರೊಳಗಿಂದ ಬರುವ ಗಾಳಿಯ ಪ್ರಮಾಣವನ್ನು ಲೆಕ್ಕ ಹಿಡಿದೇ ಕಾರ್ಬ್ಯುರೇಟರಿನ ಜೆಟ್ಟುಗಳನ್ನು ಗೊತ್ತುಮಾಡಿರುತ್ತಾರೆ. ಪೆಟ್ಟಿಗೆ ಹೋದರೆ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾಗುತ್ತದೆ. ಎಂಜಿನ್ನು ತಡವರಿಸುತ್ತದೆ, ಕಾಯುತ್ತದೆ. ಆರೂ ಕಾರ್ಬ್ಯುರೇಟರುಗಳನ್ನು ಮತ್ತೆ ಒಂದೇ ಹದಕ್ಕೆ ತರುವುದು ತಾಳ್ಮೆಯುಳ್ಳವನ ಕೆಲಸ. ತಾಳ್ಮೆಯಿಲ್ಲದವನು ಗಾಡಿಯನ್ನು ಮೂಲೆಗೆ ನಿಲ್ಲಿಸಿ ಚಿತ್ರ ತೆಗೆಸಿಕೊಳ್ಳುತ್ತಾನೆ.

ಇಂಥ ಕೆಲಸವನ್ನು ತೋರಿಸುವ ಚಲಚ್ಚಿತ್ರಗಳು ಈಗ ಕೈಯಲ್ಲಿನ ಫೋನಿನಲ್ಲಿಯೇ ದೊರೆಯುತ್ತವೆ. ನನ್ನ ಸೋದರಮಾವ ಹೋಬಳಿಯ ಪೇಟೆಯಲ್ಲಿ ಮೋಟಾರ್ ಸೈಕಲ್ಲು ರಿಪೇರಿ ಮಾಡುವವರು. ಶಾಲೆಯಲ್ಲಿ ಮೂರನೆಯ ತರಗತಿಯನ್ನು ದಾಟಿದವರಲ್ಲ. ಹೋದ ದಸರಾ ರಜೆಯಲ್ಲಿ ನಾವಿಬ್ಬರೂ ಅಂಥದೊಂದನ್ನು ನೋಡಿದೆವು. ಪರದೆಯ ಮೇಲಿನವನು ಸಿ.ಬಿ.ಎಕ್ಸ್. ಫ್ರೇಮಿನ ಬಾಲವನ್ನು ಕಿಡಿ ಹಾರಿಸುತ್ತಾ ಕೊಯ್ದಾಗ ಮಾವ, “ಅವನಿಗೆ ಬಿಚ್ಚೋಕೆ ಬರುತ್ತೆ ಅಳಿಯ, ಕಟ್ಟೋಕೆ ಬರಲ್ಲ” ಎಂದರು. ಮಾವನೇನೂ ತಿದ್ದುಪಡಿಯ ವೈರಿಯಲ್ಲ. ಹಾಲಿನ ಕ್ಯಾನು ಹೊರಲು ಎಷ್ಟೋ ಗಾಡಿಗಳಿಗೆ ಕಬ್ಬಿಣದ ಕ್ಯಾರಿಯರು ಮಾಡಿಕೊಟ್ಟವರು. ಆದರೆ ಅವರು ಫ್ರೇಮಿಗೆ ರಂಧ್ರ ಹೊಡೆಯುವುದಿಲ್ಲ. ಪಟ್ಟಿ ಬಿಗಿದು ಕೂರಿಸುತ್ತಾರೆ. ಬಿಚ್ಚಿದ ಮೂಲ ಭಾಗಗಳನ್ನು ಗೋಣಿಚೀಲದಲ್ಲಿ ಹಾಕಿ, ತಂತಿಯಿಂದ ಕಟ್ಟಿ, ಗಾಡಿಯವನ ಕೈಗೇ ಕೊಡುತ್ತಾರೆ. “ಮುಂದೆ ಯಾವನಾದರೂ ಕೇಳುತ್ತಾನೆ, ಇಟ್ಟುಕೊಳ್ಳಯ್ಯ” ಎನ್ನುತ್ತಾರೆ. ನಾನು ಹೇಳಬೇಕಾದ ಮಾತಿನ ಸಾರವೆಲ್ಲ ಆ ಗೋಣಿಚೀಲದಲ್ಲಿದೆ.

ಹಳೆಯದನ್ನು ಮುಟ್ಟಲೇಬಾರದೆನ್ನುವ ಇನ್ನೊಂದು ಪಕ್ಷವೂ ಉಂಟು. ಕಾರ್ಖಾನೆಯಿಂದ ಬಂದ ತಿರುಪು ಮೊಳೆಯೂ ಬದಲಾಗಕೂಡದೆಂಬುದು ಅವರ ವಾದ. ಇದನ್ನೂ ನಾನು ಪೂರ್ತಿ ಒಪ್ಪಲಾರೆ. ಏಕೆಂದರೆ ಮೂಲ ತಯಾರಕರೇ ತಮ್ಮ ಕೃತಿಯನ್ನು ತಿದ್ದಿಕೊಂಡರು. ಸಿ.ಬಿ.ಎಕ್ಸ್. ಗಾಡಿಯ ಫೋರ್ಕು ಮೊದಲು 35 ಮಿಲಿಮೀಟರಿನದಾಗಿತ್ತು; 1981ರಲ್ಲಿ 39 ಮಿಲಿಮೀಟರಿಗೆ ಏರಿತು. ಹಿಂದಿನ ಎರಡು ಷಾಕ್ ಅಬ್ಸಾರ್ಬರುಗಳು ಹೋಗಿ ಒಂದೇ ಬಂದಿತು, ಬ್ರೇಕೂ ಬದಲಾಯಿತು. ಸುಮಾರು ಎರಡೂವರೆ ಕ್ವಿಂಟಲು ತೂಕದ, ಅಷ್ಟು ವೇಗದ ಗಾಡಿಗೆ ಮೊದಲಿನ ಮೈಕಟ್ಟು ಸಾಲದೆಂದು ಮಾಡಿದವರಿಗೇ ತೋರಿತ್ತೆಂದು ಇದರಿಂದ ತಿಳಿಯಬೇಕು. ಇನ್ನು ತಿದ್ದುವ ಸಂಪ್ರದಾಯಕ್ಕೂ ತನ್ನದೇ ಇತಿಹಾಸವಿದೆ. ಐವತ್ತು ಅರವತ್ತರ ದಶಕಗಳಲ್ಲಿ ಇಂಗ್ಲೆಂಡಿನ ದುಡಿಯುವ ಮನೆಯ ಹುಡುಗರು ನಾರ್ಟನ್ ಗಾಡಿಯ ಫ್ರೇಮಿಗೆ ಟ್ರಯಂಫ್ ಎಂಜಿನ್ನು ಕೂರಿಸಿ ಟ್ರೈಟನ್ ಎಂಬ ಹೊಸ ಗಾಡಿಯನ್ನೇ ಸೃಷ್ಟಿಸಿದರು. ಒಂದರ ಫ್ರೇಮೂ ಇನ್ನೊಂದರ ಎಂಜಿನ್ನೂ ಒಳ್ಳೆಯವೆಂದು ಅವರು ಅನುಭವದಿಂದ ಕಂಡುಕೊಂಡಿದ್ದರು. ಅದನ್ನು ಇಂದು ಜನ ಹುಡುಕಿ ಕೊಳ್ಳುತ್ತಾರೆ. ತಿಳಿದು ತಿದ್ದಿದುದು ತಾನೇ ಒಂದು ದಾಖಲೆಯಾಗುತ್ತದೆ.

ಹಾಗಾದರೆ ಗೆರೆ ಎಲ್ಲಿ? ನನ್ನ ಅಭಿಪ್ರಾಯದಲ್ಲಿ ತಿದ್ದುವವನು ತನ್ನನ್ನು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಮೊದಲು ಮಾಡಿದವನು ಇದನ್ನು ಹೀಗೆ ಏಕೆ ಮಾಡಿದನೆಂಬುದು ನನಗೆ ತಿಳಿದಿದೆಯೆ? ನಾನು ಮಾಡಿದುದನ್ನು ನಾಳೆ ಇನ್ನೊಬ್ಬನು ಬಿಚ್ಚಿ ಮೊದಲಿನಂತೆ ಮಾಡಬಲ್ಲನೆ? ಎರಡಕ್ಕೂ ಹೌದೆಂಬ ಉತ್ತರವಿದ್ದರೆ ಧಾರಾಳವಾಗಿ ತಿದ್ದಲಿ. ಫೋರ್ಕು, ಚಕ್ರ, ಬ್ರೇಕು ಇವು ಸವಾರನ ಪ್ರಾಣಕ್ಕೆ ಸಂಬಂಧಿಸಿದವು; ಬೋಲ್ಟು ಬಿಚ್ಚಿದರೆ ಹಳೆಯವು ಮರಳಿ ಬರುತ್ತವೆ. ಆದರೆ ಕೊಯ್ದ ಫ್ರೇಮು ಮರಳಿ ಬಾರದು. ಬೆಸುಗೆ ಹಾಕಬಹುದು, ಆದರೆ ಅದು ಬೆಸುಗೆಯೇ. ಮೇಲಾಗಿ ಮಾಡಿದ ಒಂದೊಂದು ಮಾರ್ಪಾಡನ್ನೂ ಒಂದು ಪುಸ್ತಕದಲ್ಲಿ ತಾರೀಖು ಸಹಿತ ಬರೆದಿಡಬೇಕು. ತೆಗೆದ ಭಾಗಗಳನ್ನು ಗಾಡಿಯೊಡನೆಯೇ ಇಡಬೇಕು. ನಲವತ್ತು ವರ್ಷಗಳಿಗೂ ಹಿಂದೆ ನಿಂತುಹೋದ ಗಾಡಿಯ ಭಾಗ ಒಮ್ಮೆ ಕಳೆದರೆ ಮತ್ತೆ ಸಿಗುವುದು ಸುಲಭವಲ್ಲ.

“ನನ್ನ ದುಡ್ಡು, ನನ್ನ ಗಾಡಿ, ಕೇಳಲು ನೀವು ಯಾರು?” ಎಂದು ಒಡೆಯನು ಕೇಳಬಹುದು. ಸರಿಯಾದ ಪ್ರಶ್ನೆಯೇ. ದುಡ್ಡು ಅವನದು, ಕಾನೂನಿನಂತೆ ಗಾಡಿಯೂ ಅವನದು. ಆದರೆ ಇರಿಮಾಜಿರಿಯವರ ಯೋಚನೆ ಅವನದಲ್ಲ. ಕೆರೆ ನನ್ನ ಹೊಲದ ಪಕ್ಕದಲ್ಲಿದೆಯೆಂದು ತೂಬನ್ನು ಒಡೆಯುವವನನ್ನು ಊರು ಒಪ್ಪುತ್ತದೆಯೆ? ಕೌಶಲದ ಫಲವನ್ನು ಕೊಂಡವನು ಅದರ ಅನುಭೋಗಿ, ಜೊತೆಗೆ ಸ್ವಲ್ಪಮಟ್ಟಿಗೆ ಕಾವಲುಗಾರನೂ ಹೌದು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಬಿಗಿಯಾಗಿದೆ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣದಂತೆ, ನೋಂದಣಿ ಪತ್ರದ ವಿವರಗಳು ತಯಾರಕನು ಗೊತ್ತುಪಡಿಸಿದ ವಿವರಗಳಿಗೆ ಭಿನ್ನವಾಗುವ ಹಾಗೆ ವಾಹನವನ್ನು ಮಾರ್ಪಡಿಸಕೂಡದು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. 2021ರಲ್ಲಿ ಹೊರಟ ನಿಯಮಗಳು ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿ ಉಳಿದಿರುವ ವಾಹನಗಳನ್ನು ಪುರಾತನ ವಾಹನಗಳೆಂದು ಗುರುತಿಸಿ ಬೇರೆ ನೋಂದಣಿ ಕೊಡುತ್ತವೆ. ರಸ್ತೆಯ ಸುರಕ್ಷತೆಗೆ ಇಂಥ ಕಟ್ಟುಪಾಡು ಬೇಕು. ಆದರೆ ಕಾನೂನು ಹೇಳುವುದು ಎಷ್ಟು ತಿದ್ದಬಹುದೆಂಬುದನ್ನು. ಹೇಗೆ ತಿದ್ದಬೇಕೆಂಬ ವಿವೇಕವನ್ನು ಕಾನೂನು ಕಲಿಸದು. ಅದು ಕೆಲಸಗಾರನ ಕೈಯಿಂದ ಕೈಗೆ ಬರಬೇಕು.

ಇಲ್ಲಿ ನಮ್ಮ ಪಾಲಿನ ಕರ್ತವ್ಯವೂ ಇದೆ. ಸಿ.ಬಿ.ಎಕ್ಸ್. ಗಾಡಿಯ ಒಂದೊಂದು ಭಾಗದ ಮೇಲೂ ಹೊರದೇಶಗಳಲ್ಲಿ ಬರೆದವರುಂಟು. ನಮ್ಮಲ್ಲಿ? ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ಗಾಡಿಗಳನ್ನು ತಯಾರಿಸಿದ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದು ಆರು ಸಿಲಿಂಡರಿನ ಗಾಡಿಯಲ್ಲ, ನಿಜ. ಆದರೆ ಅದರ ಬಿಡಿಭಾಗ ಸಿಗದೆ ಹೋದ ವರ್ಷಗಳಲ್ಲಿ ಲೇತಿನ ಮೇಲೆ ತಾವೇ ಭಾಗ ಕಡೆದು, ಆ ಗಾಡಿಗಳನ್ನು ಓಡಿಸಿಕೊಟ್ಟ ಮೆಕ್ಯಾನಿಕ್ಕುಗಳು ನಮ್ಮ ಪೇಟೆ ಪೇಟೆಗಳಲ್ಲಿದ್ದಾರೆ. ಅವರ ವಿದ್ಯೆ ಯಾವ ಪುಸ್ತಕದಲ್ಲಿಯೂ ಇಲ್ಲ. ಅವರಿಗೆ ವಯಸ್ಸಾಗುತ್ತಿದೆ; ಅವರ ಮಕ್ಕಳು ನನ್ನಂತೆ ಕಾಲೇಜಿನಲ್ಲಿದ್ದಾರೆ.

ನಮ್ಮ ಮನೆಯಲ್ಲಿ ಪದವಿ ಪರೀಕ್ಷೆಗೆ ಕುಳಿತವನು ನಾನೇ ಮೊದಲಿಗ. “ಓದಿದವನಿಗೆ ಗ್ರೀಸಿನ ಸಹವಾಸವೇಕೆ?” ಎನ್ನುವ ನೆಂಟರಿದ್ದಾರೆ. ಓದು ನಮ್ಮಂಥ ಮನೆಗಳಿಗೆ ಬಂದ ದೊಡ್ಡ ತಿದ್ದುಪಡಿ, ಅದು ಬೇಕಾದುದೇ. ಆದರೆ ಹೊಸದನ್ನು ಕೂರಿಸುವ ಭರದಲ್ಲಿ ಹಳೆಯ ಫ್ರೇಮನ್ನು ಕೊಯ್ದು ಬಿಸಾಡಬೇಕೆ? ನಮ್ಮ ಇತಿಹಾಸ ಸಂಘದವರು ವರ್ಷಕ್ಕೊಮ್ಮೆ ಶಾಸನಗಳನ್ನು ನೋಡಲು ಹೋಗುತ್ತಾರೆ; ಬಹಳ ಸಂತೋಷ. ಬರುವ ವರ್ಷ ಒಂದು ದಿನ ಪೇಟೆಯ ಮೆಕ್ಯಾನಿಕ್ಕುಗಳ ಬಳಿಗೂ ಹೋಗಲಿ. ನೋಟ್ ಬುಕ್ಕು ತೆಗೆದುಕೊಂಡು, ಅವರು ಏನು ತಿದ್ದಿದರು, ಏಕೆ ತಿದ್ದಿದರು, ಹೇಗೆ ತಿದ್ದಿದರು ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ. ಬರೆಯಬಲ್ಲವರು ನಾವು, ಬಲ್ಲವರು ಅವರು. ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತರೆ ಆ ವಿದ್ಯೆ ಉಳಿದೀತು.