ಬೋರಿಬಂದರದಲ್ಲಿ ಕಾಯುವವನಿಗೆ ಎಡೆಯೆಲ್ಲಿ?

ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಪುನರ್ನಿರ್ಮಾಣಕ್ಕೆ ಕೇಂದ್ರ ಸಚಿವ ಸಂಪುಟವು 2022ರ ಸೆಪ್ಟೆಂಬರಿನಲ್ಲಿ ಒಪ್ಪಿಗೆಯಿತ್ತಿತು. ಹೊಸದಿಲ್ಲಿ, ಅಹಮದಾಬಾದ್ ನಿಲ್ದಾಣಗಳೂ ಸೇರಿ ವೆಚ್ಚದ ಅಂದಾಜು ಸುಮಾರು 10,000 ಕೋಟಿ ರೂಪಾಯಿ. ಹಳಿಗಳ ಮೇಲ್ಗಡೆ ವಿಶಾಲವಾದ ಅಂಗಣ, ಅಲ್ಲಿ ಅಂಗಡಿ, ಉಪಾಹಾರಗೃಹ, ವಿನೋದದ ತಾಣ ಇವೆಲ್ಲ ಯೋಜನೆಯಲ್ಲಿ ಸೇರಿವೆ. ಆಗಲಿ, ಸಂತೋಷವೇ. ಆದರೆ ಜನರಲ್ ಡಬ್ಬಿಯ ಟಿಕೇಟು ಹಿಡಿದು ಗಂಟುಮೂಟೆಯೊಡನೆ ಗಾಡಿ ಕಾಯುವವನಿಗೆ ಅಲ್ಲಿ ಎಷ್ಟು ಎಡೆ ಎಂದು ನಾವು ಕೇಳಬೇಕಾಗಿದೆ.

1853ರ ಎಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ 21 ಮೈಲು ಓಡಿದ ಮೊದಲ ಗಾಡಿಯಲ್ಲಿದ್ದವರು ಸುಮಾರು 400 ಮಂದಿ ಆಹ್ವಾನಿತರು. ಬಡವನ ಗಾಡಿಯಾದುದು ಅನಂತರ. 1871ರಲ್ಲಿ ಈ ಹಳಿ ರಾಯಚೂರನ್ನು ಮುಟ್ಟಿತು. ಕನ್ನಡ ನಾಡಿಗೂ ಈ ಶಹರಕ್ಕೂ ರೈಲಿನ ನಂಟು ಬೆಳೆಯಿತು. ಸ್ಟೀವನ್ಸ್ ಎಂಬ ಶಿಲ್ಪಿಯ ನಕ್ಷೆಯಂತೆ 1878ರಲ್ಲಿ ಆರಂಭವಾದ ಈಗಿನ ಭವ್ಯ ಕಟ್ಟಡಕ್ಕೆ 1887ರಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿಡಲಾಯಿತು. 1925ರ ಫೆಬ್ರವರಿ 3ರಂದು ದೇಶದ ಮೊದಲ ವಿದ್ಯುತ್ ಗಾಡಿ ಕುರ್ಲಾಕ್ಕೆ ಹೊರಟದ್ದೂ ಇಲ್ಲಿಂದಲೇ. 1996ರಲ್ಲಿ ಶಿವಾಜಿಯ ಹೆಸರು ಬಂತು, 2004ರಲ್ಲಿ ವಿಶ್ವ ಪರಂಪರೆಯ ಪಟ್ಟ ದೊರೆಯಿತು. ನಮ್ಮ ಹಳೆಯ ಹೊಟೇಲು ಮಂದಿಯ ಬಾಯಲ್ಲಿ ಮಾತ್ರ ಅದಿನ್ನೂ 'ವೀಟಿ'ಯೇ!

ಕಮಾನು, ಗುಮ್ಮಟಗಳ ಚಿತ್ರ ತೆಗೆಯುವವರು ಬಹಳ. ಒಳಗೆ ನೆಲದ ಮೇಲೆ ಕುಳಿತವರನ್ನು ಲೋಕವು ಕಂಡುದು 2008ರ ನವೆಂಬರ್ 26ರ ರಾತ್ರಿ. ಅಂದು ಬಂದೂಕುಧಾರಿಗಳಿಬ್ಬರು ಇಲ್ಲಿ 58 ಜನರ ಪ್ರಾಣ ತೆಗೆದರು. ಮಡಿದವರಲ್ಲಿ ಅನೇಕರು ದೂರದ ಊರಿನ ಗಾಡಿಗಾಗಿ ಕಾಯುತ್ತಿದ್ದ ಬಡಪಾಯಿಗಳು. ಆ ಹೊತ್ತಿನಲ್ಲಿ ತಮ್ಮ ಸ್ಥಾನ ಬಿಡದೆ, ಧ್ವನಿವರ್ಧಕದಲ್ಲಿ ಎಚ್ಚರಿಕೆ ಕೊಟ್ಟು ಎಷ್ಟೋ ಜೀವ ಉಳಿಸಿದವರು ನಿಲ್ದಾಣದ ಉದ್ಘೋಷಕ ವಿಷ್ಣು ಝೇಂಡೆಯವರು.

ಗಲ್ಲಾಪೆಟ್ಟಿಗೆಯ ಹಿಂದೆ ಬಹುಕಾಲ ಕುಳಿತ ನಮಗೆ ಒಂದು ಮಾತು ಗೊತ್ತು: ನಾಮಫಲಕ ಎಷ್ಟು ಚೆಂದವಿದ್ದರೂ ಗಿರಾಕಿಗೆ ಕುಳಿತುಕೊಳ್ಳಲು ಬೆಂಚು ಬೇಕು. ಅಂಗಡಿಗಳ ಬಾಡಿಗೆಯಿಂದ ರೈಲ್ವೆಗೆ ಆದಾಯ ಬರಲಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ಸಾಮಾನ್ಯ ಪ್ರಯಾಣಿಕನಿಗೆ ಸಾಕಷ್ಟು ಆಸನ, ಪುಕ್ಕಟೆ ಕುಡಿಯುವ ನೀರು, ಶುಚಿಯಾದ ಶೌಚಾಲಯ, ಹೆಂಗಸರು ಮಕ್ಕಳು ಇರುಳು ಕಳೆಯಲು ನಿರ್ಭಯವಾದ ಜಾಗ, ಇಷ್ಟನ್ನು ನಕ್ಷೆಯಲ್ಲೇ ಗುರುತು ಮಾಡಿಡಬೇಕು. ಅಂಗಡಿಗೆ ಕೊಟ್ಟು ಉಳಿದ ಮೂಲೆ ಅವನ ಪಾಲಿಗೆ ಬರಕೂಡದು. ಊರಿಗೆ ಹೊರಟ ಮಾಣಿಯೂ ಟಿಕೇಟಿಗೆ ಹಣ ತೆತ್ತವನೇ.

ನಮ್ಮ ಸಂಘಸಂಸ್ಥೆಗಳು ಈ ಬಗ್ಗೆ ರೈಲ್ವೆ ಅಧಿಕಾರಿಗಳಿಗೆ ಬರೆಯಲಿ. ಹೊಟೇಲು ಕಾರ್ಮಿಕರು ಸಹಿ ಹಾಕಲಿ. ಅರ್ಜಿಯನ್ನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಒಪ್ಪವಾಗಿ ಬರೆದುಕೊಡಬಲ್ಲ ಗುಮಾಸ್ತ ಬಾಂಧವರು ನಮ್ಮಲ್ಲಿ ಕಡಮೆಯಿಲ್ಲ.