ರೋಗಿಯ ಅವಳಿಗೆ ಒಡೆಯರು ಯಾರು?

ಸರಕಿಗಿಂತ ಮೊದಲು ಸರಕಿನ ಹೆಸರನ್ನು ಅನುಮಾನಿಸಬೇಕು. ವೈದ್ಯಕೀಯ ಲೋಕದಲ್ಲಿ ಈಗ ಓಡಾಡುತ್ತಿರುವ 'ಡಿಜಿಟಲ್ ಟ್ವಿನ್' ಎಂಬ ಹೆಸರು ಅಂಥದ್ದು. ಕನ್ನಡದಲ್ಲಿ ಡಿಜಿಟಲ್ ಅವಳಿ ಎನ್ನೋಣ. ರೋಗಿಯ ಸ್ಕ್ಯಾನ್, ರಕ್ತಪರೀಕ್ಷೆ, ತೂಕ, ನಿದ್ದೆ, ನಡಿಗೆ, ತಿಂದ ಊಟ, ತೋಳಿಗೆ ಅಂಟಿಸಿದ ಪಟ್ಟಿ ಕಳಿಸುವ ಸಕ್ಕರೆಯ ಪ್ರಮಾಣ, ಇವೆಲ್ಲವನ್ನೂ ಕಂಪ್ಯೂಟರಿಗೆ ತುಂಬಿ ಆತನ ಶರೀರದಂತೆಯೇ ವರ್ತಿಸುವ ಗಣಿತದ ಶರೀರವೊಂದನ್ನು ಕಟ್ಟುತ್ತಾರೆ. ಔಷಧಿಯನ್ನು ಮೊದಲು ಅದಕ್ಕೆ ಕೊಟ್ಟು ನೋಡುತ್ತಾರೆ. ಕತ್ತರಿಯನ್ನು ಮೊದಲು ಅದರ ಮೇಲೆ ಆಡಿಸಿ ನೋಡುತ್ತಾರೆ. ಅಲ್ಲಿ ಒಗ್ಗಿದ್ದು ಆಮೇಲೆ ರೋಗಿಗೆ.

ಕೇಳಲು ಚೆನ್ನಾಗಿದೆ. ಆದರೆ ಅವಳಿ ಎಂದರೆ ಒಂದೇ ಬಸಿರನ್ನು ಹಂಚಿಕೊಂಡವರು. ಈ ಅವಳಿ ಹುಟ್ಟುವುದು ಕಂಪನಿಯ ಸರ್ವರಿನಲ್ಲಿ, ಬೆಳೆಯುವುದು ಕಂಪನಿಯ ಲೆಕ್ಕದಲ್ಲಿ. ಉರ್ದು ಮಾತನಾಡುವ ಮನೆಗಳಲ್ಲಿ ಹಮ್‌ಜಾದ್‌ನ ಕಥೆಗಳಿವೆ. ಪ್ರತಿ ಮನುಷ್ಯನ ಜೊತೆಗೇ ಹುಟ್ಟಿ, ಅವನಂತೆಯೇ ಇರುವ, ಕಣ್ಣಿಗೆ ಕಾಣದ ಜೀವ ಅದು. ಅದನ್ನು ವಶ ಮಾಡಿಕೊಂಡವರು ಅದರಿಂದ ಬೇಕಾದ ಕೆಲಸ ಮಾಡಿಸಿಕೊಳ್ಳುತ್ತಾರೆಂಬುದು ಆ ಕಥೆಗಳ ಸಾರ. ಮೂಢನಂಬಿಕೆಯೆಂದು ನಾವು ನಕ್ಕುಬಿಟ್ಟೆವು. ಈಗ ವಿಜ್ಞಾನವೇ ಹಮ್‌ಜಾದ್‌ನನ್ನು ತಯಾರಿಸುತ್ತಿರುವಾಗ ಅದು ಯಾರ ವಶದಲ್ಲಿದೆ ಎಂದು ಕೇಳುವುದು ಮೂಢತನವಲ್ಲ.

ಈ ಲೇಖನ ವಿಜ್ಞಾನದ ವಿರುದ್ಧವಲ್ಲ. ಅವಳಿಯ ಕಲ್ಪನೆ ಬಂದದ್ದು ಕಾರ್ಖಾನೆಯಿಂದ. 2002ರಲ್ಲಿ ಅಮೆರಿಕದ ಮೈಕೆಲ್ ಗ್ರೀವ್ಸ್ ಯಂತ್ರೋತ್ಪನ್ನಗಳಿಗಾಗಿ ಇದನ್ನು ಮಂಡಿಸಿದರು; ಬಳಿಕ ನಾಸಾ 'ಡಿಜಿಟಲ್ ಟ್ವಿನ್' ಎಂಬ ಹೆಸರನ್ನು ಬಳಕೆಗೆ ತಂದಿತು. ಅದು ಆಸ್ಪತ್ರೆಗೆ ಬಂದ ಮೇಲೆ ಉಪಕಾರವೂ ಆಗಿದೆ. ವರ್ಜೀನಿಯಾ ಮತ್ತು ಇಟಲಿಯ ಪಡುವಾ ವಿಶ್ವವಿದ್ಯಾಲಯಗಳು ಕಟ್ಟಿದ ಮಧುಮೇಹಿಗಳ ಗಣಿತ ಮಾದರಿಯನ್ನು 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಬದಲಾಗಿ ಒಪ್ಪಿಕೊಂಡಿತು. ತಾನಾಗಿಯೇ ಇನ್ಸುಲಿನ್ ಬಿಡುವ ಯಂತ್ರಗಳು ಬೇಗ ರೋಗಿಯ ಕೈಗೆ ಬರಲು ಅದೂ ಒಂದು ಕಾರಣ. ಸಿ.ಟಿ. ಚಿತ್ರದಿಂದಲೇ ಹೃದಯದ ರಕ್ತನಾಳದಲ್ಲಿ ರಕ್ತದ ಹರಿವನ್ನು ಲೆಕ್ಕಹಾಕುವ ತಂತ್ರಾಂಶಕ್ಕೆ 2014ರಲ್ಲಿ ಅದೇ ಸಂಸ್ಥೆ ಅನುಮತಿ ಕೊಟ್ಟಿತು. ಕೆಲವು ರೋಗಿಗಳಿಗಾದರೂ ನಾಳದೊಳಗೆ ತಂತಿ ತೂರಿಸಿ ಅಳೆಯುವುದು ತಪ್ಪಿತು. ಇವನ್ನು ಬೇಡವೆನ್ನಲು ಯಾರಿಗೂ ಹಕ್ಕಿಲ್ಲ.

ನನ್ನ ಜಗಳ ಇರುವುದು 'ಅವಳಿಗೆ ಎಲ್ಲ ಗೊತ್ತು' ಎನ್ನುವವರ ಜೊತೆ. ವಿಮಾನದ ಎಂಜಿನ್‌ನ ಒಂದೊಂದು ಬೋಲ್ಟೂ ಅದನ್ನು ಮಾಡಿದವನಿಗೆ ಗೊತ್ತು. ಮನುಷ್ಯನ ದೇಹವನ್ನು ಯಾವ ಕಂಪನಿಯೂ ಮಾಡಿಲ್ಲ. ಗೊತ್ತಿಲ್ಲದ ಕಡೆಯಲ್ಲೆಲ್ಲ ಅವಳಿಯೊಳಗೆ ಬೇರೆಯವರ ಸರಾಸರಿಯನ್ನು ತುಂಬುತ್ತಾರೆ. ಆ ಬೇರೆಯವರು ಯಾರು? ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯಡ್‌ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮ ಶರೀರಗಳನ್ನೇ ಉದಾಹರಣೆಯಾಗಿ ಕೊಟ್ಟರು. ಎತ್ತರಕ್ಕೆ ತಕ್ಕ ತೂಕ ಅಳೆಯುವ ಬಿ.ಎಂ.ಐ. ಇಬ್ಬರಿಗೂ ಒಂದೇ, 22.3. ಆದರೆ ಯಡ್‌ಕಿನ್ನರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ಬಿಳಿಯರ ಮೈಗೆ ಹೊಲಿದ ಅಂಗಿಯನ್ನು ನಮಗೆ ತೊಡಿಸಿ, ಸರಿಹೊಂದದಿದ್ದರೆ ಮೈಯದೇ ತಪ್ಪು ಎಂದರೆ ಅದನ್ನು ಒಪ್ಪಬೇಕೇ? ನಮ್ಮ ದೇಶದಲ್ಲೂ ಈಗ ಮಧುಮೇಹಿಗಳಿಗೆ 'ಅವಳಿ' ಸೇವೆ ಮಾರಾಟಕ್ಕಿದೆ. ಇದನ್ನು ತಿನ್ನಿ, ಅದನ್ನು ಬಿಡಿ, ಇಷ್ಟು ನಡೆಯಿರಿ ಎಂದು ಮೊಬೈಲಿನಲ್ಲೇ ಅಪ್ಪಣೆ ಬರುತ್ತದೆ. ಅದನ್ನು ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ. ಈ ಲೆಕ್ಕ ಯಾರ ಮೈಯಿಂದ ಕಲಿತದ್ದು ಎಂಬುದು.

ಬಡವರ ವಿಷಯ ಇನ್ನೂ ಕಠಿಣ. 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ ಆಸ್ಪತ್ರೆಗಳು ಬಳಸುತ್ತಿದ್ದ ತಂತ್ರಾಂಶವನ್ನು ಪರೀಕ್ಷಿಸಿತು. ಯಾರಿಗೆ ಹೆಚ್ಚಿನ ಆರೈಕೆ ಬೇಕೆಂದು ಅದು ತೀರ್ಮಾನಿಸುತ್ತಿದ್ದುದು ಅವರಿಗಾಗಿ ಆದ ಖರ್ಚನ್ನು ನೋಡಿ. ಕರಿಯರಿಗೆ ಆರೈಕೆ ಸಿಗುತ್ತಿದ್ದುದೇ ಕಡಿಮೆಯಾದ್ದರಿಂದ ಖರ್ಚೂ ಕಡಿಮೆ. ಖರ್ಚು ಕಡಿಮೆಯಾದ್ದರಿಂದ ಅವರು ಆರೋಗ್ಯವಂತರು! ತಪ್ಪನ್ನು ತಿದ್ದಿದರೆ ಹೆಚ್ಚಿನ ಆರೈಕೆಗೆ ಅರ್ಹರಾಗುವವರಲ್ಲಿ ಕರಿಯರ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತಿತ್ತು. ಇದು ಅವಳಿಯಲ್ಲ, ಆದರೆ ಅವಳಿಯ ನೆಂಟ. ಎರಡೂ ತಿನ್ನುವುದು ಹಳೆಯ ದಾಖಲೆಗಳನ್ನೇ. ಗಂಡನಿಗೂ ಮಕ್ಕಳಿಗೂ ಔಷಧಿ ತಂದು, ತನಗೆ ಮಾತ್ರ 'ನಾಳೆ ನೋಡೋಣ' ಎನ್ನುವ ಹೆಂಗಸರು ನಮ್ಮ ಪ್ರತಿ ಓಣಿಯಲ್ಲೂ ಇದ್ದಾರೆ. ಅವರ ಫೈಲು ಖಾಲಿ. ಖಾಲಿ ಫೈಲಿನಿಂದ ಹುಟ್ಟುವ ಅವಳಿ ಎಂಥದ್ದು? ದಿನದಿನದ ಅಳತೆ ಬಂದು ಸೇರದ ಅವಳಿ ಅವಳಿಯೇ ಅಲ್ಲ, ಹುಟ್ಟಿದ ದಿನ ಬರೆದಿಟ್ಟ ಜಾತಕ.

ಇನ್ನು ಸಾಕ್ಷಿಯ ಪ್ರಶ್ನೆ. ರೋಗಿ 'ತಲೆ ಸುತ್ತುತ್ತಿದೆ ಡಾಕ್ಟ್ರೇ' ಎನ್ನುತ್ತಾನೆ, ಪರದೆಯ ಮೇಲಿನ ಅವಳಿ 'ಎಲ್ಲ ಸರಿಯಿದೆ' ಎನ್ನುತ್ತದೆ. ಯಾರ ಮಾತು ನಡೆಯಬೇಕು? ನಂಜು ರಕ್ತಕ್ಕೇರುವುದನ್ನು ಮೊದಲೇ ಹೇಳುವುದಾಗಿ ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿದ್ದ ತಂತ್ರಾಂಶವೊಂದನ್ನು ಮಿಷಿಗನ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ 2021ರಲ್ಲಿ ವರದಿ ಮಾಡಿದರು. ಅದು ನೂರರಲ್ಲಿ 67 ರೋಗಿಗಳನ್ನು ಗುರುತಿಸದೆ ಬಿಟ್ಟಿತ್ತು. ವೈದ್ಯರು ರೋಗಿಯ ಮುಖ ನೋಡುವುದನ್ನು ಬಿಟ್ಟು ಪರದೆ ನೋಡುವುದಾದರೆ, ಮೈ ರೋಗಿಯದು, ನೋವು ರೋಗಿಯದು, ಮಾತು ಮಾತ್ರ ಅವಳಿಯದು ಎಂದಾಗುತ್ತದೆ.

ಕಾನೂನು ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಎಷ್ಟಿದೆ ಎಂದು ನೋಡೋಣ. 2008ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಬ್ಬ ಹೆಣ್ಣುಮಗಳ ಪ್ರಕರಣ ಬಂತು. ಪರೀಕ್ಷೆಗೆಂದು ಒಪ್ಪಿಗೆ ಕೊಟ್ಟು ಮಲಗಿದ್ದಳು. ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಆಕೆಯ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಹಾಕಿದರು. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು, ವಯಸ್ಕ ರೋಗಿಯ ಪರವಾಗಿ ಬೇರೆಯವರು ಒಪ್ಪುವಂತಿಲ್ಲ ಎಂದಿತು ನ್ಯಾಯಾಲಯ. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಇಂಥ ಬುನಾದಿಯ ಮೇಲೆ ಕಟ್ಟಿದ ಮನೆ ಹೇಗಿದೆ? 2011ರ ನಿಯಮಗಳು ರೋಗಿಯ ದಾಖಲೆಯನ್ನು 'ಸೂಕ್ಷ್ಮ' ಮಾಹಿತಿಯೆಂದು ಪ್ರತ್ಯೇಕವಾಗಿ ಗುರುತಿಸಿದ್ದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ. ನಿಮ್ಮ ಹೃದಯದ ನಕ್ಷೆಯೂ ಪಿಜ್ಜಾ ತರಿಸಿದ ವಿಳಾಸವೂ ಒಂದೇ ಪಂಕ್ತಿಯಲ್ಲಿ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಕರ್ತವ್ಯಗಳ ಜಾರಿಗೆ ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ. ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿವರೆಗೆ. ಕೇಳಿ ಸಂತೋಷಪಡಬೇಡಿ, ಆ ಹಣ ಹೋಗುವುದು ಭಾರತದ ಸಂಚಿತ ನಿಧಿಗೆ. ರೋಗಿಗೆ ಪರಿಹಾರ ಕೊಡಿಸಬಹುದಾಗಿದ್ದ ಐ.ಟಿ. ಕಾಯ್ದೆಯ 43ಎ ಕಲಮನ್ನು ಕೈಬಿಡಬೇಕೆಂದು ಈ ಕಾಯ್ದೆಯೇ ಹೇಳುತ್ತದೆ. ಮನೆ ಕಳವಾದವನದು, ಜುಲ್ಮಾನೆ ಸರ್ಕಾರದ್ದು! 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ದಾಳಿಯಾಗಿ ದಿನಗಟ್ಟಲೆ ಕಾಗದ ಪೆನ್ನು ಹಿಡಿದು ಕೆಲಸ ಮಾಡಬೇಕಾಯಿತೆಂಬುದನ್ನು ಮರೆಯದಿರೋಣ. 2020ರ ಏಪ್ರಿಲ್‌ನಿಂದ ವೈದ್ಯಕೀಯ ತಂತ್ರಾಂಶವೂ ಔಷಧ ಕಾನೂನಿನಡಿ ಬರುತ್ತದೆ, ನಿಜ. ಆದರೆ ಆ ಪರವಾನಗಿ ಉಪಕರಣ ಕೆಲಸ ಮಾಡುತ್ತದೆಯೇ ಎಂದು ನೋಡುತ್ತದೆ; ಅವಳಿ ಯಾರ ಸೊತ್ತು ಎಂದು ಕೇಳುವುದಿಲ್ಲ.

ಸೊತ್ತಿನ ಪ್ರಶ್ನೆ ಹೊಸದಲ್ಲ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ಕರಿಯ ತಾಯಿಯ ಗರ್ಭಕಂಠದ ಗಡ್ಡೆಯಿಂದ, ಆಕೆಯನ್ನು ಕೇಳದೆ, ಜೀವಕೋಶ ತೆಗೆದರು. ಆಕೆ ಅದೇ ವರ್ಷ ತೀರಿಕೊಂಡಳು. ಆ ಕೋಶಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ, ಮಾರಾಟವಾಗುತ್ತಿವೆ. ಅವನ್ನು ಮಾರಿದ ಕಂಪನಿಯೊಂದು ಕುಟುಂಬದೊಂದಿಗೆ ರಾಜಿ ಮಾಡಿಕೊಂಡದ್ದು 2023ರಲ್ಲಿ, ಅಂದರೆ 72 ವರ್ಷಗಳ ಬಳಿಕ. 2025ರ ಮಾರ್ಚ್‌ನಲ್ಲಿ ವಂಶವಾಹಿ ಪರೀಕ್ಷೆಯ ಕಂಪನಿ '23ಆಂಡ್‌ಮಿ' ದಿವಾಳಿ ಅರ್ಜಿ ಹಾಕಿದಾಗ, ಸುಮಾರು ಒಂದೂವರೆ ಕೋಟಿ ಗ್ರಾಹಕರ ವಂಶವಾಹಿ ಮಾಹಿತಿಯೂ ಮಾರಾಟದ ಆಸ್ತಿಯ ಪಟ್ಟಿಗೆ ಸೇರಿತು. ಕಂಪನಿ ಮುಳುಗಿದರೆ ನಮ್ಮ ಅವಳಿಯನ್ನು ಹರಾಜು ಕೂಗುವವರು ಯಾರು, ಕೊಳ್ಳುವವರು ಯಾರು? ವಿಮಾ ಕಂಪನಿ ಕೊಂಡರೆ? ಇನ್ನೂ ಬಾರದ ರೋಗವನ್ನು ಹೇಳುವುದೇ ಅವಳಿಯ ಕಸುಬು. ನಮಗಿಂತ ಮೊದಲು ಅದು ವಿಮೆಯವನ ಕಿವಿಯಲ್ಲಿ ಹೇಳಿದರೆ ರೋಗಕ್ಕೆ ಮುಂಚೆಯೇ ಶಿಕ್ಷೆ.

'ಹೀಗೆ ಎಲ್ಲದಕ್ಕೂ ಅಪ್ಪಣೆ ಕೇಳುತ್ತ ಕೂತರೆ ಸಂಶೋಧನೆ ನಿಂತುಹೋಗುತ್ತದೆ' ಎಂಬುದು ಎದುರು ವಾದ. ನಿಲ್ಲುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ, ಸರ್ಕಾರದ ಹಣದಲ್ಲಿ, 10 ಸಾವಿರ ಭಾರತೀಯರ ವಂಶವಾಹಿಗಳನ್ನು ಓದಿ, ಅದರ ದತ್ತಾಂಶವನ್ನು 2025ರ ಜನವರಿಯಲ್ಲಿ ನಿಯಮಬದ್ಧವಾಗಿ ಸಂಶೋಧಕರಿಗೆ ತೆರೆಯಲಾಯಿತು. ಸಾರ್ವಜನಿಕ ಹಣ, ಸಾರ್ವಜನಿಕ ಭಂಡಾರ, ಬಾಗಿಲಲ್ಲಿ ಲೆಕ್ಕ. ವಿಜ್ಞಾನಕ್ಕೆ ಇಷ್ಟು ಸಾಕು. ಸಾಲದಿರುವುದು ವ್ಯಾಪಾರಕ್ಕೆ. 'ಸಾಯುವವನಿಗೆ ಖಾಸಗಿತನ ಯಾಕೆ, ಗುಣವಾದರೆ ಸಾಲದೇ' ಎಂಬುದು ಇನ್ನೊಂದು ವಾದ. ಮಂಚದ ಮೇಲೆ ಮಲಗಿದವನು ಚೌಕಾಸಿ ಮಾಡಲಾರ. ಅದಕ್ಕಾಗಿಯೇ ಅವನ ಪರವಾಗಿ ಕಾನೂನು ಚೌಕಾಸಿ ಮಾಡಬೇಕು.

ಆದ್ದರಿಂದ ಕೇಳಬೇಕಾದದ್ದು ಇಷ್ಟು. ಅವಳಿಯನ್ನು ಸರಕೆಂದಲ್ಲ, ದೇಹದ ಭಾಗವೆಂದು ಕಾನೂನು ಕಾಣಲಿ. ಕಟ್ಟಲು ಒಂದು, ಸಂಶೋಧನೆಗೆ ಇನ್ನೊಂದು, ಬೇರೆಯವರಿಗೆ ಕೊಡಲು ಮತ್ತೊಂದು, ಹೀಗೆ ಬಿಡಿಬಿಡಿಯಾಗಿ, ರೋಗಿಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಪಡೆಯಲಿ. ಒಪ್ಪದವರಿಗೆ ಮಾಮೂಲಿ ಚಿಕಿತ್ಸೆ ತಪ್ಪದಿರಲಿ. ಪ್ರತಿ ಕೇಳುವ, ಅಳಿಸಿಹಾಕಲು ಹೇಳುವ ಹಕ್ಕು ರೋಗಿಗಿರಲಿ. ವಿಮಾ ಕಂಪನಿಗೂ ಧಣಿಗೂ ಅದರ ಬಾಗಿಲು ಮುಚ್ಚಿರಲಿ. ನಮ್ಮ ಜನರ ಮೇಲೆ ಪರೀಕ್ಷಿಸಿ ಫಲಿತಾಂಶ ಪ್ರಕಟಿಸದ ಅವಳಿ ನಮ್ಮ ಆಸ್ಪತ್ರೆಗೆ ಬಾರದಿರಲಿ. ಲೆಕ್ಕ ತಪ್ಪಿ ಜೀವಕ್ಕೆ ಹಾನಿಯಾದರೆ ಕಂಪನಿ ವೈದ್ಯನ ಕಡೆ, ವೈದ್ಯ ಕಂಪನಿಯ ಕಡೆ ಬೆರಳು ತೋರಿಸುವುದು ಬೇಡ. ಪರಿಹಾರ ಮೊದಲು ರೋಗಿಯ ಕೈಸೇರಲಿ, ಅವರವರ ಜಗಳ ಆಮೇಲೆ.

ಅಮಾನತು ಎಂದೊಡನೆ ಕನ್ನಡದಲ್ಲಿ ನೌಕರಿಯಿಂದ ತಡೆಹಿಡಿಯಲ್ಪಟ್ಟವರು ನೆನಪಾಗುತ್ತಾರೆ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಇಟ್ಟುಹೋದ ವಸ್ತು. ಇಟ್ಟುಕೊಂಡವನು ಅದನ್ನು ಕಾಯಬಹುದು, ಮಾರುವಂತಿಲ್ಲ. ಕೇಳಿದ ದಿನ ಹಿಂದಿರುಗಿಸಬೇಕು. ರೋಗಿಯ ಅವಳಿ ಆಸ್ಪತ್ರೆಯಲ್ಲಿರಲಿ, ಕಂಪನಿಯಲ್ಲಿರಲಿ, ಅದು ಅಮಾನತ್. ಇದನ್ನು ಬರವಣಿಗೆಯಲ್ಲಿ ಒಪ್ಪದವರ ಕೈಗೆ ನಮ್ಮ ನಾಡಿಯನ್ನು ಕೊಡಬಾರದು.